ಮಿಲ್ಟನ್ನಿನಲ್ಲೊಬ್ಬ ಮರುಭೂಮಿಯ ಬೇಟೆಗಾರ

ಶ್ರೀಕಂಠ ಹಿರೇಮಠರು ತಮ್ಮ ಐವತ್ತಮೂರು ವರ್ಷಗಳ ಬಾಳಿನಲ್ಲಿ ಸೊಳ್ಳೆಗಿಂತ ದೊಡ್ಡ ಪ್ರಾಣಿಯನ್ನು ಹೊಡೆದವರಲ್ಲ. ಸೊಳ್ಳೆಯೂ ಅಷ್ಟೇ, ಅವರು ಕೈ ಎತ್ತುವಷ್ಟರಲ್ಲಿ ಊಟ ಮುಗಿಸಿ ಎದ್ದು ಹೋಗಿರುತ್ತಿತ್ತು. ಇಂಥವರು ಮೂರು ವರ್ಷಗಳಿಂದ ಅರಿಝೋನಾದ ಮರುಭೂಮಿಯ ಹನ್ನೊಂದು ಮಂದಿ ಬೇಟೆಗಾರರಿಗೆ ಸಲಹೆ ಕೊಡುತ್ತಿದ್ದರು ಎಂದರೆ ಕೆನಡಾದ ಮಿಲ್ಟನ್ನಿನಲ್ಲಿ ಯಾರೂ ನಂಬುತ್ತಿರಲಿಲ್ಲ. ವಿಷಯವೇ ಯಾರಿಗೂ ಗೊತ್ತಿಲ್ಲದ್ದರಿಂದ ನಂಬುವ ತೊಂದರೆಯೂ ಯಾರಿಗೂ ಬಂದಿರಲಿಲ್ಲ.

ಇದಕ್ಕೆಲ್ಲ ಕಾರಣ ಹಿಮ. ಮೂರು ವರ್ಷದ ಹಿಂದಿನ ಫೆಬ್ರವರಿಯ ಒಂದು ಭಾನುವಾರ, ಮೈನಸ್ ಇಪ್ಪತ್ತನಾಲ್ಕರಲ್ಲಿ ಮೂರನೆಯ ಸಲ ಡ್ರೈವ್‌ವೇ ಕೆರೆದು ಒಳಗೆ ಬಂದ ಶ್ರೀಕಂಠರಿಗೆ ತಮ್ಮ ರಾಯಚೂರಿನ ಬಿಸಿಲು ನೆನಪಾಗಿ ಅಳುವೇ ಬಂದಿತ್ತು. ಮರಗಟ್ಟಿದ ಬೆರಳಿನಲ್ಲೇ ಕಂಪ್ಯೂಟರಿನ ಮುಂದೆ ಕೂತು, ಜಗತ್ತಿನಲ್ಲಿ ಬಿಸಿಲಿನ ಬಗ್ಗೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಹುಡುಕಿದರು. ಅರಿಝೋನಾದ ಬೇಟೆಗಾರರ ಹರಟೆಯ ತಾಣವೊಂದು ಸಿಕ್ಕಿತು. ಅಲ್ಲಿ ಒಬ್ಬ ಮುದುಕ, ‘ಬೆಳಿಗ್ಗೆ ಹತ್ತಕ್ಕೇ ಕುಡಿಯುವ ನೀರು ಚಹಾದಂತೆ ಆಗುತ್ತದೆ, ಏನು ಮಾಡಲಿ?’ ಎಂದು ಗೋಳು ತೋಡಿಕೊಂಡಿದ್ದ. ಶ್ರೀಕಂಠರು ತಡೆಯಲಾರದೆ ಬರೆದರು: ನೀರಿನ ಕ್ಯಾನಿಗೆ ಹಸಿ ಗೋಣಿತಟ್ಟು ಸುತ್ತಿ ನೆರಳಿನಲ್ಲಿ ತೂಗುಹಾಕಿ, ಉಪ್ಪು, ಶುಂಠಿ ಹಾಕಿದ ಮಜ್ಜಿಗೆ ಕುಡಿಯಿರಿ, ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳಿ, ಬಿಸಿಲು ಬಡಿಯುವುದಿಲ್ಲ. ವಾರದೊಳಗೆ ಆರು ಮಂದಿ ಧನ್ಯವಾದ ಹೇಳಿದರು. ಅಲ್ಲಿ ಶ್ರೀಕಂಠರ ಹೆಸರೇ ‘ರಾಯಚೂರ್’ ಎಂದಾಯಿತು. ‘ನಿಮ್ಮ ಕಡೆ ಏನೇನು ಬೇಟೆ ಉಂಟು?’ ಎಂದು ಯಾರೋ ಕೇಳಿದಾಗ ಅವರು ‘ಮೊಲ, ಕಾಡುಹಂದಿ’ ಎಂದು ಬರೆದರು. ಅದು ನಿಜವೇ. ರಾಯಚೂರು ಸೀಮೆಯಲ್ಲಿ ಮೊಲಗಳೂ ಕಾಡುಹಂದಿಗಳೂ ಇವೆ. ಅವುಗಳಿಗೂ ತಮಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಇವರು ಹೇಳಲಿಲ್ಲ.

ಹೇಳಬಹುದಿತ್ತು. ಆದರೆ ಅವರ ಸ್ಥಿತಿಯನ್ನೂ ನೋಡಿ. ವಿಮಾ ಕಂಪನಿಯ ಸಾಫ್ಟ್‌ವೇರ್ ಪರೀಕ್ಷಿಸುವ ಆಫೀಸಿನಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕನ್ನಡ ಬಳಗದಲ್ಲಿ ಹದಿನಾಲ್ಕು ವರ್ಷಗಳಿಂದ ಅವರದು ಕುರ್ಚಿ ಹಾಕುವ ಖಾತೆ. ಮನೆಯಲ್ಲಿ ಅವರು ಬಾಯಿ ತೆರೆದರೆ ಹದಿನೇಳರ ಮಗಳು ಮಾನ್ಯಾ ‘ಅಪ್ಪಾ, ಪ್ಲೀಸ್’ ಎನ್ನುತ್ತಿದ್ದಳು. ಮರುಭೂಮಿಯಲ್ಲಿ ಮಾತ್ರ ಹನ್ನೊಂದು ಮಂದಿ ‘ರಾಯಚೂರ್ ಏನು ಹೇಳುತ್ತಾನೆ ನೋಡೋಣ’ ಎಂದು ಕಾಯುತ್ತಿದ್ದರು. ಬೂಟಿನ ವಿಷಯಕ್ಕೆ ಪರಸ್ಪರ ಮೂರು ದಿನ ಕಚ್ಚಾಡುವ, ಒಬ್ಬನ ಟ್ರಕ್ಕು ಮರಳಲ್ಲಿ ಹೂತರೆ ಹತ್ತು ಮಂದಿ ಹತ್ತು ದಿಕ್ಕು ಹೇಳುವ ಜನ. ಮಾನ್ಯಾಳಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಅವರೆಲ್ಲ ದಿನಾ ಬೆಳಿಗ್ಗೆ ‘ಹುಡುಗಿ ಹೇಗಿದ್ದಾಳೆ?’ ಎಂದು ಕೇಳಿದ್ದರು. ರಮೋನ್ ಎಂಬವನು ಒಂದು ಪೊಟ್ಟಣ ಒಣಮೆಣಸಿನಕಾಯಿ ಕಳಿಸಿದ್ದ. ಇಂಥ ಸ್ನೇಹಿತರು ಐವತ್ತು ದಾಟಿದ ಮೇಲೆ ಸಿಗುವುದಿಲ್ಲ. ಸಿಕ್ಕವರನ್ನು ಕಳೆದುಕೊಳ್ಳುವ ಯೋಚನೆಗೇ ಶ್ರೀಕಂಠರ ಎದೆ ಕುಸಿಯುತ್ತಿತ್ತು.

ಈ ಆಗಸ್ಟಿನಲ್ಲಿ ಆ ಯೋಚನೆ ಮನೆಬಾಗಿಲಿಗೇ ಬಂತು. ಬೇಟೆಗಾರರ ಬಳಗದ ಹಿರಿಯ ವಾಲ್ಟ್, ಎಪ್ಪತ್ತೊಂದರ ಪ್ರಾಯದವನು, ಸ್ಕೂಲ್ ಬಸ್ ಓಡಿಸಿ ನಿವೃತ್ತನಾದವನು, ಓಕ್‌ವಿಲ್‌ನಲ್ಲಿರುವ ಮಗಳ ಮನೆಗೆ ಬಂದಿದ್ದ. ‘ಶನಿವಾರ ಹನ್ನೊಂದಕ್ಕೆ ನಿನ್ನಲ್ಲಿಗೆ ಬರುತ್ತೇನೆ. ನಿನ್ನ ಗೋಡೆ ನೋಡಬೇಕು. ಒಂದು ಮಾತು ಕೇಳುವುದೂ ಇದೆ’ ಎಂದು ಬರೆದ.

ಬೇಟೆಗಾರರ ಗೋಡೆಯಲ್ಲಿ ಹೊಡೆದ ಪ್ರಾಣಿಗಳ ತಲೆಗಳಿರುತ್ತವೆಂದು ಶ್ರೀಕಂಠರಿಗೆ ಗೊತ್ತಿತ್ತು. ಅವರ ಗೋಡೆಯಲ್ಲಿ ಬಸವಣ್ಣನ ಪಟ, ಕನ್ನಡ ಬಳಗದ ಕ್ಯಾಲೆಂಡರು ಮತ್ತು ಮಾನ್ಯಾಳ ಈಜಿನ ಸರ್ಟಿಫಿಕೇಟು ಇದ್ದವು. ಇದರ ಮೇಲೆ ಅದೇ ಶನಿವಾರ ಮನೆಯಲ್ಲಿ ಶ್ರಾವಣ ಸೋಮವಾರದ ಪೂಜೆ. ಸೋಮವಾರ ಯಾರಿಗೂ ರಜೆ ಇಲ್ಲದ್ದರಿಂದ ಶಿವನೂ ಕೆನಡಾದಲ್ಲಿ ವೀಕೆಂಡಿಗೆ ಹೊಂದಿಕೊಂಡಿದ್ದಾನೆ. ಮಧ್ಯಾಹ್ನಕ್ಕೆ ಇಪ್ಪತ್ತೆರಡು ಮಂದಿ ಊಟಕ್ಕೆ ಬರುವವರಿದ್ದರು.

ಶ್ರೀಕಂಠರು ಯೋಜನೆ ಹಾಕಿದರು. ಪಕ್ಕದ ಬಾಗಿಲಿಗೇ ಬಾ ಎಂದು ಬರೆದು ವಾಲ್ಟನನ್ನು ನೇರ ಬೇಸ್‌ಮೆಂಟಿಗೆ ಇಳಿಸುವುದು. ಅಲ್ಲಿ ಗೋಡೆಯ ಮೇಲೆ ಏನಾದರೊಂದು ಇರಬೇಕು. ಅರ್ಧ ಗಂಟೆ ಗಂಭೀರವಾಗಿ ಮಾತಾಡಿ ಕಳಿಸಿಬಿಡುವುದು. ಯೋಜನೆ ಹಾಕುವುದರಲ್ಲಿ ಅವರಿಗಿದ್ದ ಉತ್ಸಾಹ ಯೋಜನೆಗಳಿಗೆ ಅವರ ಮೇಲೆ ಎಂದೂ ಇರಲಿಲ್ಲ.

ಗುರುವಾರ ಬ್ರ್ಯಾಂಪ್ಟನ್ನಿನಲ್ಲಿ ಒಬ್ಬ ಪಂಜಾಬಿ ಟ್ರಕ್ ಡ್ರೈವರು, ಹೊಸದಾಗಿ ಕೊಂಡ ಮನೆಯಲ್ಲಿ ಹಳೆಯ ಮಾಲೀಕರು ಬಿಟ್ಟುಹೋದ ಜಿಂಕೆಯ ತಲೆಯೊಂದನ್ನು ಯಾರಾದರೂ ಒಯ್ದರೆ ಸಾಕೆಂದು ಜಾಹೀರಾತು ಹಾಕಿದ್ದ. ಶ್ರೀಕಂಠರು ಹೋದರು.

“ಲೇ ಜಾವೋ ಜೀ, ಜಲ್ದೀ ಲೇ ಜಾವೋ,” ಎಂದ ಅವನು. “ನಮ್ಮ ಅಮ್ಮ ಇದರ ಎದುರು ಚಹಾ ಕುಡಿಯೋದೇ ಬಿಟ್ಟಿದಾರೆ. ಗುರಾಯಿಸ್ತದಂತೆ.”

ತಲೆ ಕೊರೋಲ್ಲಾದ ಹಿಂದಿನ ಸೀಟಿನಲ್ಲಿ ಕೂತಿತು, ಆದರೆ ಕೊಂಬು ಕೂರಲಿಲ್ಲ. ಕಿಟಕಿ ಇಳಿಸಿ ಒಂದು ಕಡೆಯ ಕೊಂಬನ್ನು ಹೊರಗೆ ಬಿಡಬೇಕಾಯಿತು. ಹೀಗೆ ಮಿಲ್ಟನ್ ಸೇರಿ ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನಲ್ಲಿ ಕನ್ನಡ ಬಳಗದ ಕಾರ್ಯದರ್ಶಿ, ಮೈಸೂರಿನ ಜಯಲಕ್ಷ್ಮಿ ಇದ್ದರು. ಜಿಂಕೆ ಅವರನ್ನು ನೋಡಿತು. ಅವರು ಜಿಂಕೆಯನ್ನು ನೋಡಿದರು. ಶ್ರೀಕಂಠರು ಗಾಬರಿಯಲ್ಲಿ ಎರಡೂ ಕೈ ಸ್ಟಿಯರಿಂಗಿನಿಂದ ಎತ್ತಿ ನಮಸ್ಕಾರ ಮಾಡಿದರು.

ಮನೆಯಲ್ಲಿ ಹೆಂಡತಿ ಕೋಕಿಲಾ ಗ್ಯಾರೇಜಿನ ಬಾಗಿಲಲ್ಲೇ ತಡೆದಳು.

“ಇದೇನ್ರಿ ಇದು?”

“ಜಿಂಕಿ.”

“ಅದು ಕಾಣ್ತೈತಿ. ಉಳಿದದ್ದೆಲ್ಲಿ?”

“ಉಳಿದದ್ದು ಮೊದಲಿಂದನೂ ಇರಲಿಲ್ಲ. ಶನಿವಾರ ಒಬ್ಬ ಸ್ನೇಹಿತ ಬರಾಂವ ಇದ್ದಾನ. ಅವನಿಗೆ ಇಂಥಾವು ಭಾಳ ಸೇರ್ತಾವ. ಅರ್ಧ ತಾಸಿನ ಮಾತು, ಕೋಕಿಲಾ.”

“ಹಿರೇಮಠರ ಮನ್ಯಾಗ, ಶ್ರಾವಣದಾಗ, ಸತ್ತ ಜಿಂಕಿ! ನಮ್ಮವ್ವ ನೋಡಿದರ ಎದಿ ಒಡಕೋತಾಳ.”

ಕೋಕಿಲಾಳ ತಾಯಿ ಗಿರಿಜವ್ವ ಹೆತ್ತವರಿಗೆ ಕೊಡುವ ಸೂಪರ್ ವೀಸಾದಲ್ಲಿ ಬಂದು ನಾಲ್ಕು ತಿಂಗಳಾಗಿತ್ತು. ಅವರು ಮಾರನೆಯ ಬೆಳಿಗ್ಗೆ ಬೇಸ್‌ಮೆಂಟಿಗೆ ಇಳಿದು, ವಾಷಿಂಗ್ ಮೆಷೀನಿನ ಮೇಲ್ಗಡೆ ತೂಗುಹಾಕಿದ್ದ ಜಿಂಕೆಯನ್ನು ಒಂದು ನಿಮಿಷ ನೋಡಿ, ತಮ್ಮ ಹಸಿ ಕುಬಸವನ್ನು ಅದರ ಕೊಂಬಿಗೆ ಹರವಿದರು. “ಅಳಿಯಂದ್ರು ಚಲೋ ಅನುಕೂಲ ಮಾಡ್ಯಾರ,” ಎಂದರು. “ಈ ದೇಶದಾಗ ಒಂದು ಗೂಟ ಸೈತ ಇರಲಿಲ್ಲ.”

ಅಷ್ಟರಲ್ಲಿ ಕನ್ನಡ ಬಳಗದ ವಾಟ್ಸಾಪ್ ಗುಂಪು ಎಚ್ಚೆತ್ತಿತ್ತು. ಜಯಲಕ್ಷ್ಮಿ ಸಿಗ್ನಲ್ಲಿನಲ್ಲಿ ತೆಗೆದ ಫೋಟೋ ಹಾಕಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದರು. ಒಬ್ಬರು ‘ಜಿಂಕೆ’ ಎಂದರು. ಇನ್ನೊಬ್ಬರು ‘ಸರಿಯಾಗಿ ನೋಡಿ, ಮೂಸ್ ಕಡವೆ’ ಎಂದರು. ಮೂರನೆಯವರು ಕಳೆದ ವಾರ ಕೆರೆಯ ಹತ್ತಿರ ಢಂ ಎಂದು ಸದ್ದು ಕೇಳಿದ್ದನ್ನು ಜ್ಞಾಪಿಸಿಕೊಂಡರು. ಈ ವರ್ಷ ಬೀದಿಯಲ್ಲಿ ಮೊಲಗಳೇ ಕಾಣುತ್ತಿಲ್ಲವಲ್ಲ ಎಂಬ ಸಂಗತಿ ನಾಲ್ಕನೆಯವರಿಗೆ ಹೊಳೆಯಿತು. ಸಂಜೆಯ ಹೊತ್ತಿಗೆ, ಹದಿನಾಲ್ಕು ವರ್ಷ ಕುರ್ಚಿ ಹಾಕಿದ ಮನುಷ್ಯನ ಕಣ್ಣಿನಲ್ಲಿ ತಾವು ಆಗಲೇ ಏನೋ ಕ್ರೌರ್ಯ ಗಮನಿಸಿದ್ದೆವೆಂದು ಆರು ಮಂದಿ ಬರೆದಾಗಿತ್ತು.

ಜಯಲಕ್ಷ್ಮಿ ಕೋಕಿಲಾಳಿಗೆ ಫೋನು ಮಾಡಿದರು.

“ನಾನು ಜಡ್ಜ್ ಮಾಡ್ತಿಲ್ಲ ಕಣ್ರೀ. ಸುಮ್ನೆ ಕೇಳ್ತಿದೀನಿ. ನಿಮ್ಮನೆ ಫ್ರೀಜರ್‌ನಲ್ಲಿ ಏನಿದೆ?”

“ಅವರೆಕಾಳು ಐತ್ರಿ.”

“ಅದರ ಕೆಳಗೆ?”

“ಜಯಲಕ್ಷ್ಮಿಯವರ, ಅದನ್ನ ನಮ್ಮವರು ಬ್ರ್ಯಾಂಪ್ಟನ್ನಿಂದ ತಂದಾರ್ರೀ.”

“ಅಯ್ಯೋ ಶಿವನೇ, ಬ್ರ್ಯಾಂಪ್ಟನ್ನಲ್ಲೂ ಹೊಡೆದ್ರಾ?”

ಶುಕ್ರವಾರ ರಾತ್ರಿಯೊಳಗೆ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳು ಮಂದಿ, ಮಕ್ಕಳ ಜ್ವರ, ಕಾರಿನ ಬ್ಯಾಟರಿ ಮುಂತಾದ ಕಾರಣ ಕೊಟ್ಟು ಊಟಕ್ಕೆ ಬರುವುದಿಲ್ಲವೆಂದರು. ಕೋಕಿಲಾ ಕಣ್ಣೊರೆಸಿಕೊಂಡು ಹೂರಣ ಅರ್ಧಕ್ಕಿಳಿಸಿದಳು. ಅವಳ ಮುಖ ನೋಡಿ ಶ್ರೀಕಂಠರಿಗೆ ನಿಜವಾಗಿ ನಾಚಿಕೆಯಾಯಿತು. ಗುಂಪಿನಲ್ಲಿ ಸತ್ಯ ಬರೆದುಬಿಡಲೇ ಎಂದು ಮೂರು ಸಲ ಫೋನು ತೆಗೆದರು. ಬೇಟೆ ಆಡಿಲ್ಲವೆಂದು ಬರೆದರೆ ಜಿಂಕೆ ಯಾಕೆ ತಂದೆ ಎಂದು ಹೇಳಬೇಕು. ಅದನ್ನು ಹೇಳಿದರೆ ವಾಲ್ಟನ ಎದುರು ನಗೆಪಾಟಲು. ಮೂರು ಸಲವೂ ಫೋನು ಒಳಗಿಟ್ಟರು.

ಶನಿವಾರ ಹನ್ನೊಂದಾಯಿತು, ವಾಲ್ಟ್ ಬರಲಿಲ್ಲ. ಹನ್ನೊಂದೂವರೆಗೆ ಬಂದವರು ಕನ್ನಡ ಬಳಗದವರು. ಬರುವುದಿಲ್ಲವೆಂದ ಹದಿನೇಳು ಮಂದಿಯೂ ಬಂದರು. ಕರೆಯದಿದ್ದ ಒಂಬತ್ತು ಮಂದಿಯೂ ಬಂದರು. ಕೊಲೆಗಡುಕನ ಮನೆಯ ಊಟ ಬೇಡವೆನ್ನಬಹುದು, ನೋಡುವುದನ್ನು ತಪ್ಪಿಸಿಕೊಳ್ಳಲಾದೀತೇ? ಚಪ್ಪಲಿಗಳು ಹೊರಗೆ ಹುಲ್ಲಿನವರೆಗೂ ಹರಡಿದವು. ಎಲ್ಲರೂ ಪೂಜೆಗೆ ಕೈಮುಗಿಯುತ್ತ ಮೂಗಿನಲ್ಲಿ ಮಾಂಸದ ವಾಸನೆ ಹುಡುಕುತ್ತಿದ್ದರು. ಹೋಳಿಗೆಯ ವಾಸನೆ ಅವರಿಗೆ ತುಂಬ ನಿರಾಶೆ ಮಾಡಿತು.

ಆಗ ಮತ್ತೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಸಮವಸ್ತ್ರದ ಹೆಂಗಸು, ವನ್ಯಜೀವಿ ಇಲಾಖೆಯ ಅಧಿಕಾರಿ.

“ಕ್ಷಮಿಸಿ, ಹಬ್ಬದ ಹೊತ್ತಿನಲ್ಲಿ ಬಂದೆ, ತುಂಬ ಕ್ಷಮಿಸಿ,” ಎಂದು ಆಕೆ ಇಂಗ್ಲಿಷಿನಲ್ಲಿ ಬೇಡಿಕೊಂಡರು. “ಕಾಲವಲ್ಲದ ಕಾಲದಲ್ಲಿ ಜಿಂಕೆ ಹೊಡೆದಿದ್ದಾರೆ ಅಂತ ದೂರು ಬಂದಿದೆ. ನೋಡಬಹುದೇ? ಶೂ ತೆಗೆಯಬೇಕೇ?”

ಶೂ ತೆಗೆದಿಟ್ಟು ಕಾಲುಚೀಲದಲ್ಲಿ ಕಾನೂನು ಬೇಸ್‌ಮೆಂಟಿಗೆ ಇಳಿಯಿತು. ಹಿಂದೆ ಶ್ರೀಕಂಠರು, ಅವರ ಹಿಂದೆ ಕೋಕಿಲಾ, ಅವಳ ಹಿಂದೆ ರೇಷ್ಮೆ ಸೀರೆ, ಜುಬ್ಬಾಗಳ ಸಮೇತ ಇಡೀ ಬಳಗ. ಮಾನ್ಯಾ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು, “ಓ ಮೈ ಗಾಡ್, ಅಪ್ಪಾ, ವಿ ಹ್ಯಾವ್ ಟು ಮೂವ್,” ಎಂದಳು. ಜಿಂಕೆಯ ಒಂದು ಕೊಂಬಿನಲ್ಲಿ ಗಿರಿಜವ್ವನ ಕುಬಸವೂ ಇನ್ನೊಂದರಲ್ಲಿ ಮೈ ಒರೆಸುವ ವಸ್ತ್ರವೂ ಒಣಗುತ್ತಿದ್ದವು.

ಅಧಿಕಾರಿ ಕುಬಸವನ್ನು ಬಹಳ ಗೌರವದಿಂದ ಪಕ್ಕಕ್ಕೆ ಸರಿಸಿ ನೋಟ್‌ಬುಕ್ ತೆರೆದರು. “ಸರ್, ಈ ಪ್ರಾಣಿಯನ್ನು ತಾವು ಯಾವಾಗ ಹೊಡೆದಿರಿ?”

ಸರಿಯಾಗಿ ಆಗ ಪಕ್ಕದ ಬಾಗಿಲು ತೆರೆಯಿತು. ಅಗಲ ಹ್ಯಾಟಿನ, ಬಿಸಿಲಿಗೆ ಸುಟ್ಟು ಬೀಟೆಯ ಬಣ್ಣಕ್ಕೆ ತಿರುಗಿದ ಉದ್ದನೆಯ ಮುದುಕನೊಬ್ಬ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ನಿಂತ. ಮಗಳು ದಾರಿ ತಪ್ಪಿ ಮಿಲ್ಟನ್ನಿನ ಒಂದೇ ರೀತಿಯ ನಲವತ್ತು ಬೀದಿಗಳಲ್ಲಿ ಸುತ್ತಾಡಿಸಿ ಈಗ ಇಳಿಸಿಹೋಗಿದ್ದಳು.

“ರಾಯಚೂರ್ ಇದ್ದಾನೆಯೇ ಇಲ್ಲಿ?” ಎಂದ.

ಶ್ರೀಕಂಠರು ನಡುವೆ ಸಿಕ್ಕಿಬಿದ್ದರು. ಹೊಡೆದೆ ಎಂದರೆ ಅಧಿಕಾರಿ, ಇಲ್ಲ ಎಂದರೆ ವಾಲ್ಟ್. ಬಾಯಿ ತನ್ನಷ್ಟಕ್ಕೆ ಅರಿಝೋನಾದ ಪಕ್ಷ ವಹಿಸಿತು.

“ಹೋದ... ಹೋದ ವರ್ಷ,” ಎಂದರು.

“ಪರವಾನಗಿ?”

“ಅದು... ಅದಕ್ಕೂ ಹಿಂದಿನ ವರ್ಷ.”

“ಯಾವ ಬಂದೂಕು?”

“ದೊಡ್ಡದು.”

ಬಳಗದ ನಡುವೆ ಮೆಚ್ಚುಗೆಯೋ ಭಯವೋ ಗೊತ್ತಾಗದ ಸದ್ದೊಂದು ಎದ್ದಿತು. ಜಯಲಕ್ಷ್ಮಿ ಹತ್ತಿರವಿದ್ದ ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಅಧಿಕಾರಿ ಪುಟ ತಿರುಗಿಸಿ ಇನ್ನೂ ವೇಗವಾಗಿ ಬರೆಯತೊಡಗಿದರು.

“ಖರೇ ಹೇಳ್ರಿ!” ಕೋಕಿಲಾ ಕೂಗಿದಳು. “ಜೇಲಿಗೆ ಹಾಕ್ತಾರ! ಹಲ್ಲಿ ಕಂಡರ ನನ್ನ ಕರೀತೀರಿ, ಜಿಂಕಿ ಹೊಡಿಯಾಂವರಂತ!”

ಶ್ರೀಕಂಠರು ಹೆಂಡತಿಯನ್ನು ನೋಡಿದರು. ವಾಲ್ಟನನ್ನು ನೋಡಿದರು. ಮೂರು ವರ್ಷದ ಸ್ನೇಹ ಮುಗಿಯಿತು ಎಂದುಕೊಂಡರು. ಕಣ್ಣಲ್ಲಿ ನೀರೇ ಬಂತು.

“ನಾನು ಹೊಡೆದಿಲ್ಲ,” ಎಂದರು, ಇಂಗ್ಲಿಷಿನಲ್ಲಿ, ಅಧಿಕಾರಿಯ ಕಡೆಗಲ್ಲ, ವಾಲ್ಟನ ಕಡೆಗೆ. “ಇದನ್ನೂ ಹೊಡೆದಿಲ್ಲ, ಯಾವುದನ್ನೂ ಹೊಡೆದಿಲ್ಲ. ಬಂದೂಕನ್ನು ಮುಟ್ಟಿಲ್ಲ. ನಾನು ಮೊಟ್ಟೆ ಸಹ ತಿನ್ನುವುದಿಲ್ಲ, ವಾಲ್ಟ್. ನನಗೆ ಬಿಸಿಲು ಮಾತ್ರ ಗೊತ್ತು.”

ಮೂವತ್ತಕ್ಕೂ ಹೆಚ್ಚು ಮಂದಿ ಒಟ್ಟಿಗೆ ವಾಲ್ಟನ ಕಡೆ ತಿರುಗಿದರು.

ವಾಲ್ಟ್ ನಿಧಾನವಾಗಿ ಬಂದು ಜಿಂಕೆಯ ಮುಂದೆ ನಿಂತ. ಮೂಗು ತಾಗುವಷ್ಟು ಹತ್ತಿರ ಮುಖ ಒಯ್ದ. ಕುತ್ತಿಗೆಯ ಚರ್ಮವನ್ನು ಬೆರಳಲ್ಲಿ ತಡವಿದ, ಕಿವಿಯೊಳಗೆ ಬೆರಳು ಹಾಕಿ ಒಂದು ಹಿಡಿ ಹೊಟ್ಟು ಎಳೆದು ಅಧಿಕಾರಿಯ ಕೈಗೆ ಕೊಟ್ಟ.

“ಮೇಡಂ, ಮರದ ಹೊಟ್ಟು ತುಂಬುವುದನ್ನು ಬಿಟ್ಟು ನಲವತ್ತು ವರ್ಷವಾಯಿತು. ಚರ್ಮಕ್ಕೆ ನುಸಿ ಹಿಡಿದಿದೆ. ಒಂದು ಕಣ್ಣು ಜಿಂಕೆಯದು, ಇನ್ನೊಂದು ಯಾವುದೋ ಬೊಂಬೆಯದು. ಇದು ಸತ್ತಾಗ ಈ ಮನುಷ್ಯ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಬೇಕು.”

ಅಧಿಕಾರಿ ಟಾರ್ಚು ಬಿಟ್ಟು ನೋಡಿದರು. ಹಲಗೆಯ ಹಿಂದೆ ಅರ್ಧ ಅಳಿಸಿದ ಇಸವಿಯೂ ಕಾಣಿಸಿತು. ಬರೆದ ಎರಡು ಪುಟಗಳನ್ನು ಹೊಡೆದುಹಾಕಿ, “ಕ್ಷಮಿಸಿ, ತುಂಬ ಕ್ಷಮಿಸಿ,” ಎಂದರು. ಆಮೇಲೆ ಶ್ರೀಕಂಠರ ಕಡೆ ತಿರುಗಿ, “ಸರ್, ಇಪ್ಪತ್ತು ವರ್ಷದಲ್ಲಿ ಹೊಡೆದವರು ಹೊಡೆದಿಲ್ಲ ಎಂದದ್ದನ್ನು ಕೇಳಿದ್ದೇನೆ. ಹೊಡೆಯದವರು ಹೊಡೆದೆ ಎಂದದ್ದು ಇದೇ ಮೊದಲು,” ಎಂದರು. ಗಿರಿಜವ್ವ ಅಧಿಕಾರಿಯ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ ಎಲೆಯ ಮುಂದೆ ಕೂರಿಸಿದರು. “ಉಂಡು ಹೋಗ್ಬೇಕವ್ವ, ಪೂಜಿ ಮನಿ,” ಎಂದದ್ದು ಅವರಿಗೆ ಅರ್ಥವಾಗದಿದ್ದರೂ ಹೋಳಿಗೆ ಅರ್ಥವಾಯಿತು.

ಬಳಗದವರೂ ಮೇಲೆ ಹೋದರು. ಕೊಲೆಗಡುಕ ಕೈತಪ್ಪಿದ ಬೇಸರವನ್ನು ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಮೇಲೆ ತೀರಿಸಿಕೊಂಡರು. ಕೋಕಿಲಾ ಓಡೋಡಿ ಮತ್ತೆ ಬೇಳೆ ಬೇಯಿಸಿದಳು, ಮೂರು ದಿನದಲ್ಲಿ ಮೊದಲ ಸಲ ನಕ್ಕಳು. “ನನಗೆ ಮೊದಲೇ ಅನ್ನಿಸಿತ್ತು ಕಣ್ರೀ, ಶ್ರೀಕಂಠ ಅವರು ಅಂಥವರಲ್ಲ,” ಎಂದು ಜಯಲಕ್ಷ್ಮಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಊಟವಾದ ಮೇಲೆ ಶ್ರೀಕಂಠರು ವಾಲ್ಟನನ್ನು ಹಿತ್ತಲಿಗೆ ಕರೆದೊಯ್ದು ಎರಡು ಕುರ್ಚಿ ಹಾಕಿದರು. ಹೇಗೆ ಶುರುಮಾಡುವುದೆಂದು ತಿಳಿಯದೆ, “ನಾನು ಇವತ್ತೇ ನಿಮ್ಮ ಬೇಟೆಗಾರರ ಬಳಗ ಬಿಡುತ್ತೇನೆ. ಅವರಿಗೆ ನೀನೇ ಹೇಳಿಬಿಡು,” ಎಂದರು.

“ಏನು ಹೇಳಲಿ?” ಎಂದ ವಾಲ್ಟ್. “ನೀನು ಬೇಟೆಗಾರನಲ್ಲ ಅಂತಲೇ? ಅದು ಮೊದಲ ತಿಂಗಳೇ ಎಲ್ಲರಿಗೂ ಗೊತ್ತು. ಪೊದೆಗೆ ನುಗ್ಗುವ ಮುಂಚೆ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಒಳಗಿರುವ ಪ್ರಾಣಿಗಳೆಲ್ಲ ದೂರ ಹೋಗುತ್ತವೆ ಅಂತ ಬರೆದವನು ನೀನು.”

ಶ್ರೀಕಂಠರು ಆ ಸಲಹೆಯನ್ನು ನೆನೆದು ಮೊದಲ ಸಲ ಅದನ್ನು ಬೇಟೆಗಾರನ ಕಡೆಯಿಂದ ಯೋಚಿಸಿದರು. ರಾಯಚೂರಿನ ಹೊಲದಲ್ಲಿ ಹಾವಿಗೆ ಹೆದರಿ ಎಲ್ಲರೂ ಮಾಡುವುದು ಅದನ್ನೇ. ಕಿವಿ ಕೆಂಪಗಾಯಿತು.

“ರಮೋನ್ ಪ್ರಯೋಗ ಮಾಡಿ ನೋಡಿದ,” ಎಂದ ವಾಲ್ಟ್. “ನೀನು ಹೇಳಿದ್ದು ನಿಜ. ಎಲ್ಲ ದೂರ ಹೋದವು.”

“ಮತ್ತೆ ಯಾರೂ ಕೇಳಲಿಲ್ಲವಲ್ಲ?”

“ನೀರಿನ ವಿಷಯ ನೀನು ಹೇಳಿದ್ದು ಸರಿಯಿತ್ತು. ನನ್ನ ಹೆಂಡತಿ ತೀರಿಕೊಂಡಾಗ ಐದು ದಿನ ದಿನಾ ಬರೆದವನು ನೀನು. ಇನ್ನೇನು ಕೇಳಬೇಕು?”

ಶ್ರೀಕಂಠರಿಗೆ ಗುರುವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದು, ಉಸಿರು ಸಲೀಸಾಯಿತು. ನಗಬೇಕೆನಿಸಿತು, ನಕ್ಕರು. ವಾಲ್ಟ್ ನಗಲಿಲ್ಲ. ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಒಂದು ಮಾತು ಕೇಳುವುದಿದೆ ಎಂದು ಬರೆದಿದ್ದೆನಲ್ಲ. ನನ್ನ ಕಣ್ಣು ಹೋಗುತ್ತಿದೆ, ರಾಯಚೂರ್. ಅಂಚು ಮಾತ್ರ ಕಾಣುತ್ತದೆ, ನಡುವಿನದು ಇಲ್ಲ. ವಸಂತದಲ್ಲೇ ಬಂದೂಕು ತಮ್ಮನ ಮಗನಿಗೆ ಕೊಟ್ಟೆ. ಆಮೇಲೆ ಬಳಗದಲ್ಲಿ ಬರೆದದ್ದೆಲ್ಲ ಹಳೆಯ ಬೇಟೆಗಳು. ಅವರಿಗೆ ಹೇಳಿಲ್ಲ. ಹೇಳುತ್ತೇನೆ. ಆದರೆ ಹೇಳಿದ ಮೇಲೆ ಅಲ್ಲಿ ಕೂತು ಏನು ಮಾಡಬೇಕು? ಬೇಟೆಗೆ ಹೋಗದೆ ಬೇಟೆಗಾರರ ನಡುವೆ ಮೂರು ವರ್ಷ ಇದ್ದವನು ನೀನೊಬ್ಬನೇ. ಹೇಗೆ ಇರುತ್ತೀಯ, ಹೇಳು.”

ಜೀವಮಾನದಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಇಷ್ಟು ಸರಿಯಾದ ಮನುಷ್ಯನಿಗೆ ಯಾರೂ ಕೇಳಿರಲಿಲ್ಲ. ಶ್ರೀಕಂಠರು ಕುರ್ಚಿಯಲ್ಲಿ ನೆಟ್ಟಗಾದರು.

“ಮೊದಲು ಅವರು ಹೊರಡುವಾಗ ನೀನು ಎದ್ದಿರಬೇಕು,” ಎಂದರು. “ಯಾವ ಕಡೆ ಹೋಗುತ್ತಾರೆ, ನೀರು ಎಷ್ಟು ಒಯ್ದರು, ಕೇಳಬೇಕು. ಏನು ಹೊಡೆದಿರಿ ಅಂತ ಮೊದಲು ಕೇಳಬಾರದು, ಅದನ್ನು ಅವರೇ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೇ ಮನೆಗೆ ಬಂದೆ ಅಂತ ಬರೆಯುವ ತನಕ ಎಣಿಸುತ್ತ ಕೂರಬೇಕು. ಕೊನೆಯವನು ಬರುವ ತನಕ ಫೋನು ಕೆಳಗಿಡಬಾರದು. ಇದಿಷ್ಟೇ ಕೆಲಸ. ಆದರೆ ದಿನಾ ಇರುತ್ತದೆ.”

“ದಿನಾ ಹನ್ನೊಂದು ಮಂದಿಯನ್ನು ಎಣಿಸುತ್ತಿದ್ದೆಯಾ?”

“ಹನ್ನೊಂದು ಕಷ್ಟ. ಇನ್ನು ಮೇಲೆ ಹತ್ತೇ, ಎಣಿಸುವವರು ಇಬ್ಬರು. ಸಲೀಸು.”

ವಾಲ್ಟ್ ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಟೊರಾಂಟೊ ಕಡೆ ಮೂರೂವರೆ, ಅರಿಝೋನಾದಲ್ಲಿ ಹನ್ನೆರಡೂವರೆ. ಅವತ್ತು ಬೆಳಿಗ್ಗೆ ನಾಲ್ವರು ಬೇಟೆಗೆ ಹೋಗಿದ್ದರು. ಶ್ರೀಕಂಠರು ಫೋನಿನ ಅಕ್ಷರಗಳನ್ನು ಆದಷ್ಟು ದೊಡ್ಡದು ಮಾಡಿ ಇಬ್ಬರ ನಡುವೆ ಇಟ್ಟರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅದು ಟಣ್ ಎಂದಿತು. ರಮೋನ್ ಬರೆದಿದ್ದ: ‘ಮನೆಗೆ ಬಂದೆ. ಏನೂ ಸಿಗಲಿಲ್ಲ.’

“ಒಂದು,” ಎಂದ ವಾಲ್ಟ್.